ಸೇರದು, ಆಗದು, ಹೇಸಿಗೆ: ಅಪ್ರಿಯತೆಯನ್ನು ಸೂಚಿಸುವ ಕನ್ನಡ ಪದಗಳ ಅರ್ಥಚರಿತ್ರೆ
(ಚಳ್ಳಕೆರೆ ಮತ್ತು ಮೊಳಕಾಲ್ಮೂರು ಪರಿಸರವನ್ನು ಅನುಲಕ್ಷಿಸಿ)

1

ಒಲವು, ನಲ್ಮೆ, ಕೂರ್ಮೆ ಮೊದಲಾದ ಪ್ರೀತಿವಾಚಕ ಪದಗಳನ್ನು ಕುರಿತು ನಮ್ಮ ಸಾಹಿತ್ಯ ವಿಮರ್ಶೆ ಸಾಕಷ್ಟು ಚರ್ಚಿಸಿದೆ. ಬೇಡವಾದುದನ್ನು, ಹಿಡಿಸದುದನ್ನು, ದೂರವಿರಿಸಬೇಕಾದುದನ್ನು ಹೇಳುವ ಪದಗಳಿಗೆ ಅಂತಹ ಗಮನ ದೊರೆತಿಲ್ಲ. ಬೈಗುಳಗಳ ಸಂಗ್ರಹಗಳಲ್ಲಿಯೋ, ರಸಸಿದ್ಧಾಂತದ ಚರ್ಚೆಯಲ್ಲಿ ಬೀಭತ್ಸ ರಸಕ್ಕೆ ಮೀಸಲಾದ ಪುಟಗಳಲ್ಲಿಯೋ ಅವು ಬಂದು ಹೋಗುತ್ತವೆ. ಆದರೆ ಒಂದು ಸಮಾಜ ಯಾರನ್ನು ಹತ್ತಿರ ಬಿಟ್ಟುಕೊಂಡಿತು, ಯಾರನ್ನು ಹೊರಗಿರಿಸಿತು ಎಂಬುದು ಪ್ರೀತಿಯ ಪದಗಳಿಗಿಂತ ಅಪ್ರಿಯತೆಯ ಪದಗಳಲ್ಲಿಯೇ ಹೆಚ್ಚು ಸ್ಪಷ್ಟವಾಗಿ ದಾಖಲಾಗಿರುತ್ತದೆ.

ಈ ಪದಗಳನ್ನು ಸಾಮಾನ್ಯವಾಗಿ ತೀವ್ರತೆಯ ಏರಿಳಿತದ ಮೇಲೆ ವಿಂಗಡಿಸುವುದುಂಟು: ಬೇಸರ ಕಡಿಮೆ, ಜುಗುಪ್ಸೆ ಹೆಚ್ಚು, ದ್ವೇಷ ಇನ್ನೂ ಹೆಚ್ಚು ಎಂಬಂತೆ. ಪ್ರಸ್ತುತ ಲೇಖನ ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಅಪ್ರಿಯತೆಯ ಕಾರಣವನ್ನು ಪದವು ಎಲ್ಲಿ ಇರಿಸುತ್ತದೆ? ಕನ್ನಡದಲ್ಲಿ ಇದಕ್ಕೆ ಮೂರು ಸ್ಥಾನಗಳು ಕಾಣುತ್ತವೆ. ಒಂದು, ಇಬ್ಬರ ನಡುವೆ. ಎರಡು, ಅನುಭವಿಸುವವನ ಒಳಗೆ. ಮೂರು, ಎದುರಿಗಿರುವ ವಸ್ತು ಅಥವಾ ವ್ಯಕ್ತಿಯಲ್ಲಿ. ಕಾಲಾಂತರದಲ್ಲಿ ಪದಗಳು ಒಂದು ಸ್ಥಾನದಿಂದ ಇನ್ನೊಂದಕ್ಕೆ ಸರಿಯುತ್ತವೆ. ಈ ಸರಿಯುವಿಕೆಯೇ ಅವುಗಳ ನಿಜವಾದ ಚರಿತ್ರೆ ಎಂಬುದು ಇಲ್ಲಿಯ ವಾದ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಈ ವಿಚಾರಕ್ಕೆ ಉಚಿತವಾದ ಪರಿಸರ. ಇವು ಆಂಧ್ರಪ್ರದೇಶದ ರಾಯದುರ್ಗ, ಕಲ್ಯಾಣದುರ್ಗಗಳ ಕಡೆಗೆ ತೆರೆದುಕೊಂಡಿರುವ ಗಡಿನಾಡು. ಇಲ್ಲಿಯ ನಾಯಕ ಸಮುದಾಯದ ಹಲವು ಕುಟುಂಬಗಳ ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ. ಕಾಡುಗೊಲ್ಲರ ಹಟ್ಟಿಗಳು, ಮ್ಯಾಸಬೇಡರ ಹಟ್ಟಿಗಳು, ವೀರಶೈವ ಮಠಗಳು, ದಲಿತ ಕೇರಿಗಳು ಒಂದೇ ಬಯಲಿನಲ್ಲಿವೆ. ಬೇಕು ಬೇಡಗಳ ನಿಯಮ ಒಂದೊಂದು ಸಮುದಾಯಕ್ಕೂ ಬೇರೆ. ಆದುದರಿಂದ ಅಪ್ರಿಯತೆಯ ಮಾತು ಇಲ್ಲಿ ದಿನನಿತ್ಯದ ವ್ಯವಹಾರದ ಭಾಗವಾಗಿದೆ.

2

ಮೊದಲಿಗೆ ಅತ್ಯಂತ ಸಾಮಾನ್ಯವಾದ ಕ್ರಿಯಾಪದಗಳನ್ನು ಗಮನಿಸಬಹುದು. ‘ನಂಗೆ ಸೇರಲ್ಲ’, ‘ಹಿಡಿಸಲ್ಲ’, ‘ಒಗ್ಗಲ್ಲ’, ‘ಆಗಲ್ಲ’, ‘ಹೊಂದಲ್ಲ’. ಈ ಐದರಲ್ಲಿ ಯಾವುದೂ ಮೂಲತಃ ಅಪ್ರಿಯತೆಯ ಪದವಲ್ಲ. ಸೇರು ಎಂದರೆ ಕೂಡಿಕೊಳ್ಳು, ಒಳಗೆ ಹೋಗು. ಹಿಡಿಸು ಎಂದರೆ ಒಳಗೊಳ್ಳುವಂತಾಗು. ಒಗ್ಗು ಎಂದರೆ ಹೊಂದಿಕೊಳ್ಳು. ಇವೆಲ್ಲವೂ ಎರಡು ವಸ್ತುಗಳು ಒಂದುಗೂಡುವ ಕ್ರಿಯೆಯನ್ನು ಹೇಳುವಂಥವು. ಅವುಗಳ ನಿಷೇಧರೂಪ ಅಪ್ರಿಯತೆಯಾಗಿದೆ. ಅಂದರೆ ಕನ್ನಡ ಮಾತುಗಾರ ಅಪ್ರಿಯತೆಯನ್ನು ಒಂದು ಭಾವವೆಂದು ಹೇಳುವುದಕ್ಕಿಂತ, ಕೂಡಬೇಕಾದ ಎರಡು ಕೂಡಲಿಲ್ಲ ಎಂದು ಹೇಳುತ್ತಾನೆ. ಜ್ವರದಿಂದ ಎದ್ದವನಿಗೆ ಊಟ ಸೇರದು. ಹೊಸ ಊರಿನ ನೀರು ಮೈಗೆ ಒಗ್ಗದು. ಇಲ್ಲಿ ಊಟದ ದೋಷವೂ ಇಲ್ಲ, ಉಣ್ಣುವವನ ದೋಷವೂ ಇಲ್ಲ.

ಈ ರಚನೆಯಲ್ಲಿ ಅನುಭವಿಸುವವನು ಚತುರ್ಥಿ ವಿಭಕ್ತಿಯಲ್ಲಿರುತ್ತಾನೆ. ಕರ್ತೃಸ್ಥಾನದಲ್ಲಿರುವುದು ಆ ವಸ್ತು. ‘ಅವರಿಬ್ಬರಿಗೂ ಆಗುವುದಿಲ್ಲ’ ಎಂಬ ಮಾತಿನಲ್ಲಂತೂ ಇಬ್ಬರೂ ಚತುರ್ಥಿಯಲ್ಲಿದ್ದಾರೆ, ಕರ್ತೃವೇ ಇಲ್ಲ. ತಪ್ಪು ಯಾರದೆಂದು ತೀರ್ಮಾನಿಸದೆಯೇ ಮನಸ್ತಾಪವನ್ನು ಹೇಳುವ ಅನುಕೂಲವನ್ನು ವ್ಯಾಕರಣವೇ ಒದಗಿಸಿದೆ. ಪಂಚಾಯಿತಿ ಕಟ್ಟೆಯ ಮೇಲೆ ಇಂತಹ ಮಾತಿಗೆ ಇರುವ ಬೆಲೆಯನ್ನು ಹಳ್ಳಿಗಳನ್ನು ಬಲ್ಲವರು ಅರಿಯಬಲ್ಲರು.

ಗಡಿಯ ತೆಲುಗಿನಲ್ಲಿಯೂ ಇದೇ ವಿನ್ಯಾಸವಿದೆ. ‘ನಾಕು ಪಡದು’, ‘ನಾಕು ಗಿಟ್ಟದು’, ‘ನಾಕು ನಚ್ಚದು’ ಎಂಬ ಮೂರೂ ಚತುರ್ಥಿಯ ರಚನೆಗಳು. ಇವುಗಳಲ್ಲಿ ಎರಡು ಕನ್ನಡದ ಅಭ್ಯಾಸಿಗೆ ವಿಶೇಷ ಕುತೂಹಲ ಹುಟ್ಟಿಸುತ್ತವೆ. ನಚ್ಚು ಎಂಬ ಧಾತು ಹಳಗನ್ನಡದಲ್ಲಿ ನಂಬು, ಭರವಸೆಯಿಡು ಎಂಬ ಅರ್ಥದಲ್ಲಿತ್ತು. ‘ನಚ್ಚಿನ’ ಎಂಬ ರೂಪದಲ್ಲಿ ಪ್ರೀತಿಪಾತ್ರ ಎಂಬ ಅರ್ಥದಲ್ಲಿ ಇಂದಿಗೂ ಉಳಿದಿದೆ. ತೆಲುಗಿನಲ್ಲಿ ಅದೇ ಧಾತು ‘ಹಿಡಿಸು’ ಎಂಬ ಅರ್ಥಕ್ಕೆ ನೆಲೆಗೊಂಡಿತು. ಗಿಟ್ಟು ಎಂಬುದು ಕನ್ನಡದಲ್ಲಿ ದೊರೆ, ಲಾಭವಾಗು ಎಂಬ ಅರ್ಥದ್ದು. ಶೇಂಗಾ ಬೆಳೆಗೂ ಎಣ್ಣೆ ಗಿರಣಿಗಳಿಗೂ ಹೆಸರಾದ ಚಳ್ಳಕೆರೆಯಲ್ಲಿ ರೈತನು ‘ಈ ರೇಟಿಗೆ ಗಿಟ್ಟಲ್ಲ’ ಎಂದರೆ ಲೆಕ್ಕದ ಮಾತು. ತೆಲುಗು ಮನೆಮಾತಿನವನು ಒಬ್ಬ ವ್ಯಕ್ತಿಯ ಬಗೆಗೆ ‘ಗಿಟ್ಟದು’ ಎಂದರೆ ಮನಸ್ಸಿನ ಮಾತು. ತೆಲುಗಿನಲ್ಲಿಯೂ ಲಾಭದ ಅರ್ಥ ಮಾಯವಾಗಿಲ್ಲ. ‘ಗಿಟ್ಟುಬಾಟು’ ಬೆಲೆ ಎಂಬ ಪ್ರಯೋಗ ಅದಕ್ಕೆ ಸಾಕ್ಷಿ. ಸಂತೆಯ ಲೆಕ್ಕದಿಂದ ಸಂಬಂಧದ ಲೆಕ್ಕಕ್ಕೆ ಪದ ದಾಟಿರುವುದನ್ನು ಎರಡು ಭಾಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಗುರುತಿಸಲು ಸಾಧ್ಯ.

ಈ ಚತುರ್ಥಿ ರಚನೆ ದ್ರಾವಿಡದ ಏಕಸ್ವಾಮ್ಯವಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಲೈಕ್’ ಎಂಬ ಇಂದಿನ ಕ್ರಿಯಾಪದದ ಪೂರ್ವರೂಪಕ್ಕೆ ‘ಮೆಚ್ಚಿಗೆಯಾಗು’ ಎಂಬ ಅರ್ಥವಿತ್ತು, ಅನುಭವಿಸುವವನು ಚತುರ್ಥಿಯಲ್ಲಿದ್ದನು. ‘ಲೋದ್’ ಎಂಬ ಪದವೂ ಮೊದಲಿಗೆ ‘ಅಪ್ರಿಯವಾಗಿರು’ ಎಂಬ ಅರ್ಥದ್ದಾಗಿದ್ದು ಅನಂತರ ‘ಅಸಹ್ಯಪಡು’ ಎಂದಾಯಿತು. ವಿಭಕ್ತಿ ಪ್ರತ್ಯಯಗಳು ಸವೆದುಹೋದಂತೆ ಇಂಗ್ಲಿಷಿನಲ್ಲಿ ಅನುಭವಿಸುವವನೇ ಕರ್ತೃವಾದನು, ವಸ್ತು ಕರ್ಮವಾಯಿತು. ‘ಡಿಸ್‌ಲೈಕ್’ ಎಂಬ ಕ್ರಿಯಾಪದ ಹದಿನಾರನೆಯ ಶತಮಾನದಲ್ಲಿ ಬಳಕೆಗೆ ಬರುವ ವೇಳೆಗೆ ಈ ಪಲ್ಲಟ ಬಹುಮಟ್ಟಿಗೆ ಮುಗಿದಿತ್ತು. ಕನ್ನಡ ತನ್ನ ವಿಭಕ್ತಿಗಳನ್ನು ಉಳಿಸಿಕೊಂಡಿತು. ಹಾಗಾಗಿ ‘ನನಗೆ ಸೇರದು’ ಎಂಬ ಮಾತೂ ಉಳಿಯಿತು.

ಇದರ ಜೊತೆಯಲ್ಲಿಯೇ ‘ಒಲ್ಲೆ’ ಎಂಬ ಪದವನ್ನು ನೆನೆಯಬೇಕು. ಒಲವು, ಒಲುಮೆಗಳ ಮೂಲವಾದ ಒಲ್ ಧಾತುವಿನ ನಿಷೇಧರೂಪವಿದು. ‘ಒಲಿಯೆನು’ ಎಂಬ ಭಾವದ ಮಾತು ‘ನನಗೆ ಬೇಡ’ ಎಂಬ ನಿರಾಕರಣೆಯಾಗಿ ಸವೆದಿದೆ. ಉತ್ತರ ಕರ್ನಾಟಕದಲ್ಲಿ ಅದು ನಿತ್ಯದ ಮಾತು. ಚಹಾ ಬೇಡವೆನ್ನುವಾಗಲೂ ಅಲ್ಲಿಯ ಕನ್ನಡಿಗನು ಅರಿವಿಲ್ಲದೆ ಒಲವಿನ ಧಾತುವನ್ನೇ ಬಳಸುತ್ತಾನೆ.

3

ಎರಡನೆಯ ವರ್ಗದ ಪದಗಳು ಅನುಭವಿಸುವವನ ಒಳಗನ್ನು ಹೇಳುವಂಥವು. ಇವುಗಳಲ್ಲಿ ಹೇಸು ಮುಖ್ಯವಾದುದು. ಹಳಗನ್ನಡದ ಪೇಸು, ಪಕಾರ ಹಕಾರವಾದ ಬಳಿಕ ಹೇಸು ಆಯಿತು. ಇದರ ಮೂಲಾರ್ಥ ಹಿಂಜರಿ, ಮೈ ಮುದುಡಿಕೊಳ್ಳು ಎಂಬುದಕ್ಕೆ ಹತ್ತಿರ. ಹೇಸುವುದು ದೌರ್ಬಲ್ಯವಾಗಿರಲಿಲ್ಲ, ಗುಣವಾಗಿತ್ತು ಎಂಬುದು ಗಮನಾರ್ಹ. ‘ಪಾಪಕ್ಕೆ ಹೇಸು’, ‘ಕೊಲ್ಲಲೂ ಹೇಸದವನು’ ಎಂಬ ಪ್ರಯೋಗಗಳಲ್ಲಿ ಹೇಸುವ ಶಕ್ತಿಯಿಲ್ಲದವನೇ ನಿಂದ್ಯ. ಇಲ್ಲಿ ಹೇಸು ಎಂಬುದು ತನ್ನನ್ನು ತಾನು ತಡೆದುಕೊಳ್ಳುವ ನೈತಿಕ ಕ್ರಿಯೆ.

ಸಂಸ್ಕೃತದ ಜುಗುಪ್ಸೆಗೂ ಇಂತಹುದೇ ಹಿನ್ನೆಲೆಯಿದೆ. ರಕ್ಷಿಸು ಎಂಬ ಅರ್ಥದ ಗುಪ್ ಧಾತುವಿಗೆ ಸನ್ ಪ್ರತ್ಯಯ ಸೇರಿ ಈ ರೂಪ ಸಿದ್ಧಿಸುತ್ತದೆ ಎಂದು ಪಾಣಿನೀಯ ಪರಂಪರೆ ಹೇಳುತ್ತದೆ. ನಿಂದೆಯ ಅರ್ಥದಲ್ಲಿ ಮಾತ್ರ ಹೀಗೆಂದು ವಾರ್ತಿಕ ಸೀಮೆ ಹಾಕುತ್ತದೆ. ತನ್ನನ್ನು ಕಾಪಾಡಿಕೊಳ್ಳುವ ಬಯಕೆಯೇ ಹೇವರಿಕೆಯಾಯಿತು ಎಂದು ಊಹಿಸಬಹುದು. ಸಂಸ್ಕೃತದಲ್ಲಿ ಜುಗುಪ್ಸೆಯ ವಸ್ತು ಪಂಚಮಿಯಲ್ಲಿರುತ್ತದೆ, ಅಂದರೆ ಅದರಿಂದ ದೂರ ಸರಿಯುವ ಭಾವ. ಕನ್ನಡದಲ್ಲಿ ಅದು ಚತುರ್ಥಿಯಲ್ಲಿ, ‘ಪಾಪಕ್ಕೆ’ ಎಂದು ಬರುತ್ತದೆ. ಭರತನ ನಾಟ್ಯಶಾಸ್ತ್ರ ಜುಗುಪ್ಸೆಯನ್ನು ಬೀಭತ್ಸ ರಸದ ಸ್ಥಾಯಿಭಾವವೆಂದು ಗುರುತಿಸಿದ ಮೇಲೆ ಅದು ಪಂಡಿತರ ಪರಿಭಾಷೆಯಾಯಿತು.

ಬೇಸರದ ವಿಚಾರ ಬೇರೆ. ಹಳಗನ್ನಡದ ಬೇಸಱ್ ಎಂಬ ಧಾತುವಿಗೆ ದಣಿ, ರೋಸು ಎಂಬ ಅರ್ಥಗಳಿದ್ದವು. ‘ಬೇಸತ್ತು ಹೋದೆ’ ಎಂಬ ಇಂದಿನ ಮಾತು ಅದರ ಭೂತಕಾಲದ ಶುದ್ಧ ರೂಪ. ತಮಿಳು, ತೆಲುಗುಗಳಲ್ಲಿಯೂ ಜ್ಞಾತಿಪದಗಳಿರುವುದರಿಂದ ಇದು ದೇಶ್ಯವೆಂಬುದರಲ್ಲಿ ಸಂಶಯವಿಲ್ಲ. ‘ಬೇಜಾರು’ ಮಾತ್ರ ಫಾರಸಿಯ ‘ಬೇಜಾರ್’ ಎಂಬುದರಿಂದ ಬಂದುದು. ಅಲ್ಲಿ ಅದಕ್ಕೆ ರೋಸಿಹೋದ, ವಿಮುಖನಾದ ಎಂಬ ತೀವ್ರವಾದ ಅರ್ಥವಿದೆ. ಕನ್ನಡಕ್ಕೆ ಬಂದ ಮೇಲೆ ಬೇಸರದ ನೆರೆಯಲ್ಲಿ ನೆಲೆಸಿ ಅದು ಮೆತ್ತಗಾಯಿತು. ಇಂದು ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ‘ಬೇಜಾರು’ ಎಂದರೆ ಹೊತ್ತು ಹೋಗದಿರುವುದು. ‘ಬೇಜಾರು ಮಾಡ್ಕೋಬ್ಯಾಡ’ ಎಂದರೆ ಮನಸ್ಸಿಗೆ ನೋವು ಮಾಡಿಕೊಳ್ಳಬೇಡ. ಧ್ವನಿಸಾಮ್ಯ ಮತ್ತು ಅರ್ಥಸಾಮ್ಯಗಳೆರಡೂ ಇದ್ದರೂ ಮೂಲ ಒಂದೇ ಆಗಿರಬೇಕಿಲ್ಲ ಎಂಬ ಪಾಠಕ್ಕೆ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಇದೇ ವರ್ಗದ ಅಂಚಿನಲ್ಲಿ ಉಪೇಕ್ಷೆ, ಉದಾಸೀನ, ಅಸಡ್ಡೆಗಳಿವೆ. ಉದಾಸೀನ ಎಂದರೆ ದೂರ ಕುಳಿತವನು, ತಟಸ್ಥ. ಉಪೇಕ್ಷೆ ಬೌದ್ಧರಲ್ಲಿ ಸಾಧಕನ ಸಮಭಾವದ ಹೆಸರು. ಅಸಡ್ಡೆಯ ಮೂಲವಾದ ಅಶ್ರದ್ಧೆಯಲ್ಲಿ ನಂಬಿಕೆಯ ಅಭಾವವಿದೆಯೇ ಹೊರತು ತಿರಸ್ಕಾರವಿಲ್ಲ. ಮೂರೂ ಕನ್ನಡದಲ್ಲಿ ಕಡೆಗಣಿಸುವಿಕೆಯ ಪದಗಳಾಗಿವೆ. ತಟಸ್ಥವಾಗಿರುವವನನ್ನು ಸಮಾಜ ಬಹುಕಾಲ ತಟಸ್ಥನೆಂದು ನಂಬುವುದಿಲ್ಲ ಎಂಬುದು ಈ ಪದಗಳ ಪಾಡು.

4

ಮೂರನೆಯ ಸ್ಥಾನ ವಸ್ತುವಿನದು. ಅಸಹ್ಯ ಎಂದರೆ ಸಹಿಸಲಾಗದುದು. ವ್ಯುತ್ಪತ್ತಿಯಂತೆ ಇದು ಸಹಿಸುವವನ ಮಿತಿಯನ್ನು ಹೇಳುವ ಪದ. ಬಸವಣ್ಣನವರ ಸುಪ್ರಸಿದ್ಧವಾದ, ಏಳು ನಿಷೇಧಗಳ ವಚನದಲ್ಲಿ ಮುನಿಯುವುದು, ಅಸಹ್ಯಪಡುವುದು, ಹಳಿಯುವುದು ಎಂಬ ಮೂರೂ ಬೇರೆಬೇರೆಯಾಗಿ ಬಂದಿರುವುದು ಅರ್ಥವಿಜ್ಞಾನದ ದೃಷ್ಟಿಯಿಂದ ಬಹಳ ಮುಖ್ಯ. ಮುನಿಸು ಮನಸ್ಸಿನದು, ಅಸಹ್ಯ ಮೈಯದು, ಹಳಿವು ನಾಲಗೆಯದು. ಅಲ್ಲಿ ಅಸಹ್ಯ ಅನ್ಯರ ಲಕ್ಷಣವಲ್ಲ, ಪಡುವವನ ದೋಷ. ಆದುದರಿಂದಲೇ ಅದನ್ನು ಬಿಡಬೇಕೆಂದು ವಿಧಿಸಲು ಸಾಧ್ಯವಾಗಿದೆ. ಇಂದು ‘ಅಸಹ್ಯ ದೃಶ್ಯ’, ‘ಅಸಹ್ಯ ಮನುಷ್ಯ’ ಎನ್ನುವಾಗ ಪದ ವಿಶೇಷಣವಾಗಿ ಎದುರಿನವನ ಮೈಗೆ ಅಂಟಿಕೊಂಡಿದೆ. ಹೇಸಿಗೆಯ ಕಥೆಯೂ ಇದೇ. ಹೇಸುವ ಭಾವಕ್ಕೆ ಹೆಸರಾಗಿದ್ದ ಕೃದಂತನಾಮ ಹೇಸುವ ವಸ್ತುವಿಗೆ, ಅಂದರೆ ಕೊಳಕಿಗೆ, ಮಲಕ್ಕೆ ಹೆಸರಾಯಿತು. ‘ಹೇಸಿ’ ಎಂಬುದು ವ್ಯಕ್ತಿಗೆ ಬೈಗುಳವಾಯಿತು.

ಜನ್ನನ ಯಶೋಧರ ಚರಿತೆ (1209) ಈ ಪಲ್ಲಟವನ್ನು ಪ್ರಶ್ನಿಸುವ ಕೃತಿಯೆಂದು ಓದಲು ಅವಕಾಶವಿದೆ. ಅಮೃತಮತಿ ನಸುಕಿನಲ್ಲಿ ಮಾವಟಿಗನ ಹಾಡು ಕೇಳಿ ಮನಸೋಲುತ್ತಾಳೆ. ಅವನನ್ನು ಕಂಡು ಬಂದ ಕೆಳದಿಗೆ ಅವನ ಅಂಗಾಂಗವೂ ಹೇಸಿಗೆ. ಆ ವರ್ಣನೆಯನ್ನು ಕೇಳಿಯೂ ರಾಣಿಗೆ ಅವನೇ ಪ್ರಿಯ. ಒಂದೇ ದೇಹ ಒಬ್ಬಳಿಗೆ ಜುಗುಪ್ಸೆಯ ಆಲಂಬನ, ಇನ್ನೊಬ್ಬಳಿಗೆ ರತಿಯ ಆಲಂಬನ. ಹೇಸಿಗೆ ವಸ್ತುವಿನಲ್ಲಿಯೇ ಇರುವುದಾದರೆ ಇದು ಸಾಧ್ಯವಾಗುತ್ತಿರಲಿಲ್ಲ.

ವಸ್ತುವಿಗೆ ಅಂಟಿದ ಪದ ಮುಂದೆ ಹುಟ್ಟಿಗೆ ಅಂಟಿದರೆ ಏನಾಗುತ್ತದೆ ಎಂಬುದಕ್ಕೆ ಹೊಲೆ, ಹೊಲಸು ಪದಗಳೇ ಸಾಕ್ಷಿ. ಹಳಗನ್ನಡದ ಪೊಲೆ ಅಶೌಚದ, ಸೂತಕದ ಪದ. ಪೊಲಸು ಮಾಂಸದ, ದುರ್ವಾಸನೆಯ ಪದ. ಮೂಗಿನ ಅನುಭವ ಮಡಿ ಮೈಲಿಗೆಯ ನಿಯಮವಾಗಿ, ನಿಯಮ ಸಮುದಾಯದ ಗುರುತಾಗಿ ಗಟ್ಟಿಗೊಂಡಿತು. ಸಮುದಾಯದ ಹೆಸರು ‘ಹೊಲ’ ಎಂಬುದರಿಂದ ಬಂದುದೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಆ ವ್ಯುತ್ಪತ್ತಿಯನ್ನು ಒಪ್ಪಿದರೆ ಹೊಲದ ಮನುಷ್ಯನಿಗೆ ಹೊಲಸಿನ ಪದವನ್ನು ಕಟ್ಟಿದ್ದು ಧ್ವನಿಸಾಮ್ಯವನ್ನು ಬಳಸಿಕೊಂಡ ಸಾಮಾಜಿಕ ಅನ್ಯಾಯವೆನ್ನಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ವಚನಕಾರರು ಹೊಲೆಯನ್ನು ಹುಟ್ಟಿನಿಂದ ಬಿಡಿಸಿ ನಡತೆಗೆ ಕಟ್ಟಲು ಯತ್ನಿಸಿದರು. ಪದದ ಅರ್ಥವನ್ನು ಬದಲಿಸುವ ಮೂಲಕ ಸಮಾಜವನ್ನು ಬದಲಿಸಲು ಕನ್ನಡದಲ್ಲಿ ನಡೆದ ಬಹು ದೊಡ್ಡ ಪ್ರಯತ್ನವದು. ಪದ ಪೂರ್ತಿಯಾಗಿ ಬಿಡಿಸಿಕೊಳ್ಳಲಿಲ್ಲ. ಕಡೆಗೆ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಅಧಿನಿಯಮ (1989), ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನ ಮಾಡುವುದನ್ನು ಶಿಕ್ಷಾರ್ಹವಾಗಿಸಬೇಕಾಯಿತು.

5

ಈವರೆಗಿನ ವಿವೇಚನೆಯಿಂದ, ಕಾರಣವನ್ನು ನಡುವೆ ಇರಿಸುವ ಮೊದಲ ವರ್ಗದ ಪದಗಳು ನಿರಪಾಯಕಾರಿ ಎಂದು ತೋರಬಹುದು. ಹಾಗೆಂದು ಭಾವಿಸುವುದು ಸರಿಯಲ್ಲ.

‘ಆಗಲ್ಲ’ ಎಂಬುದನ್ನೇ ತೆಗೆದುಕೊಳ್ಳೋಣ. ಮ್ಯಾಸಬೇಡರಲ್ಲಿ ಕೋಳಿ ಸಾಂಪ್ರದಾಯಿಕವಾಗಿ ನಿಷಿದ್ಧ. ಈಚಲು ಮರವನ್ನು ಮುಟ್ಟಬಾರದೆಂಬ ಕಟ್ಟಳೆಯೂ ಉಂಟು. ‘ಕೋಳಿ ನಮಗೆ ಆಗಲ್ಲ’ ಎಂಬ ಮಾತಿನಲ್ಲಿ ರುಚಿಯ ಪ್ರಶ್ನೆಯಿಲ್ಲ, ಕುಲದ ಕಟ್ಟಳೆಯಿದೆ. ‘ನಮಗೆ’ ಎಂಬುದು ಇನ್ನೊಂದು ಹೆಜ್ಜೆ ಮುಂದೆ ಸರಿದು ‘ನಮ್ಮ ದೇವರಿಗೆ ಆಗಲ್ಲ’ ಎಂದಾಗುತ್ತದೆ. ಈಗ ಚತುರ್ಥಿಯ ಸ್ಥಾನದಲ್ಲಿ ಮಾತನಾಡುವವನಿಲ್ಲ, ದೇವರಿದ್ದಾನೆ. ಆಹಾರದ ವಿಷಯದಲ್ಲಿ ಇದರಿಂದ ಯಾರಿಗೂ ಕೇಡಿಲ್ಲ. ಆದರೆ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಹೆರಿಗೆಯಾದ ಬಾಣಂತಿಯನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿಗೂ ಇದೇ ವಾಕ್ಯ ಆಧಾರ. ಮಳೆ ಚಳಿಗಳಲ್ಲಿ ಹಸುಗೂಸಿನೊಂದಿಗೆ ಹೊರಗಿರುವ ತಾಯಿಯನ್ನು ‘ಯಾಕೆ’ ಎಂದು ಕೇಳಿದರೆ ದೊರೆಯುವ ಉತ್ತರ ‘ದೇವ್ರಿಗೆ ಆಗಲ್ಲ’. ಅವಳನ್ನು ಯಾರೂ ಹೇಸಿಗೆಯೆಂದು ಕರೆದಿಲ್ಲ, ಯಾರೂ ದ್ವೇಷಿಸಿಲ್ಲ, ಹೊರಗಿರಿಸಿದವರೂ ಯಾರೂ ಇಲ್ಲ. ಕರ್ತೃವಿಲ್ಲದ ವಾಕ್ಯದಲ್ಲಿ ಹೊಣೆಗಾರನೂ ಇರುವುದಿಲ್ಲ. ಕರ್ನಾಟಕ ಸರ್ಕಾರದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯಿದೆ (ಜಾರಿಗೆ ಬಂದುದು 2020) ಮುಟ್ಟಾದ ಹಾಗೂ ಗರ್ಭಿಣಿ ಮಹಿಳೆಯರನ್ನು ಬಲವಂತದಿಂದ ಪ್ರತ್ಯೇಕಿಸುವುದನ್ನು ಅಪರಾಧವೆನ್ನುತ್ತದೆ. ಕಾಯಿದೆಯ ಭಾಷೆಗೆ ಕರ್ತೃ ಬೇಕು. ಹಟ್ಟಿಯ ಭಾಷೆ ಕರ್ತೃವನ್ನು ಒದಗಿಸುವುದಿಲ್ಲ. ಇವೆರಡರ ನಡುವಿನ ಕಂದಕ ಕೇವಲ ವ್ಯಾಕರಣದ್ದಲ್ಲವಾದರೂ ವ್ಯಾಕರಣದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಎರಡನೆಯ ವರ್ಗದ ಜುಗುಪ್ಸೆಯೂ ಹೀಗೆಯೇ ಮರೆಮಾಚುವ ಕೆಲಸಕ್ಕೆ ಒದಗಿದೆ. ರಸಶಾಸ್ತ್ರದ ಈ ಪದ ‘ಜಿಗುಪ್ಸೆ’ ಎಂಬ ರೂಪದಲ್ಲಿ ಪತ್ರಿಕೆಗಳ ಮೂಲಕ ಹಳ್ಳಿಹಳ್ಳಿಗೂ ತಲುಪಿದೆ. ಆದರೆ ಅದು ಬಹುಪಾಲು ಒಂದೇ ಸಂದರ್ಭದಲ್ಲಿ, ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಸಿದ್ಧವಾಕ್ಯದಲ್ಲಿ, ಆತ್ಮಹತ್ಯೆಯ ವರದಿಗಳಲ್ಲಿ ಬರುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ ಈ ಭಾಗದಲ್ಲಿ ಬೆಳೆ ಒಣಗಿ ಸಾಲದಲ್ಲಿ ಮುಳುಗಿದ ರೈತನ ಸಾವನ್ನೂ ಇದೇ ನುಡಿಗಟ್ಟು ಹೇಳಿ ಮುಗಿಸುತ್ತದೆ. ರೈತರ ಆತ್ಮಹತ್ಯೆಗಳ ಕಾರಣಗಳನ್ನು ಪರಿಶೀಲಿಸಲು ಸರ್ಕಾರ ಡಾ. ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನೇ ನೇಮಿಸಿ 2002ರಲ್ಲಿ ವರದಿ ಪಡೆಯಬೇಕಾಯಿತು. ಅಷ್ಟು ಜಟಿಲವಾದ ಕಾರಣಗಳನ್ನು ಒಂದು ಭಾವವಾಚಕ ನುಂಗಿಬಿಡುತ್ತದೆ. ಸತ್ತವನಿಗೆ ಬದುಕು ಹೇಸಿಗೆಯಾಗಿತ್ತು ಎಂದು ಹೇಳಿದರೆ ಬ್ಯಾಂಕು, ಲೇವಾದೇವಿ, ಮಳೆ, ಬೆಲೆ ಯಾವುದನ್ನೂ ಹೇಳಬೇಕಾಗಿಲ್ಲ. ಆತನೇ ಹೇಳಬಹುದಾಗಿದ್ದ ಪದ ಬಹುಶಃ ‘ಗಿಟ್ಟಲ್ಲ’ ಎಂಬುದಿದ್ದೀತು; ಅದರಲ್ಲಿ ಕನಿಷ್ಠ ಪಕ್ಷ ಲೆಕ್ಕವಾದರೂ ಉಳಿದಿರುತ್ತಿತ್ತು.

6

ಇತ್ತೀಚಿನ ದಶಕಗಳಲ್ಲಿ ಇನ್ನೊಂದು ಪಲ್ಲಟ ನಡೆದಿದೆ. ಇಂಗ್ಲಿಷಿನಿಂದ ಆಗುವ ಅನುವಾದಗಳಲ್ಲಿ, ಡಬ್ಬಿಂಗ್ ಸಂಭಾಷಣೆಗಳಲ್ಲಿ ‘ನಾನು ಇದನ್ನು ದ್ವೇಷಿಸುತ್ತೇನೆ’ ಎಂಬ ವಾಕ್ಯ ಸಾಮಾನ್ಯವಾಗುತ್ತಿದೆ. ಯುವಜನರ ಮಾತಿನಲ್ಲಿ ‘ಹೇಟ್ ಮಾಡ್ತೀನಿ’ ಕೇಳಿಬರುತ್ತದೆ. ಇಂಗ್ಲಿಷಿನ ಮೂಲಪದ ಬಳಕೆಯಲ್ಲಿ ಸವೆದು, ತಿಂಡಿಯೊಂದು ಹಿಡಿಸದಿದ್ದಾಗಲೂ ಹೇಳಬಹುದಾದಷ್ಟು ಹಗುರವಾಗಿದೆ. ಕನ್ನಡದ ದ್ವೇಷ ಹಾಗೆ ಸವೆದಿಲ್ಲ. ಅದರಲ್ಲಿ ಹಗೆಯ ಭಾರ ಇನ್ನೂ ಇದೆ. ಹೀಗಾಗಿ ಹಗುರವಾದ ಮಾತು ಅನುವಾದದಲ್ಲಿ ಭಾರವಾಗುತ್ತದೆ, ಜೊತೆಗೆ ಚತುರ್ಥಿಯಲ್ಲಿದ್ದ ‘ನನಗೆ’ ಪ್ರಥಮೆಗೆ ಏರಿ, ಎದುರಿನ ವಸ್ತು ಕರ್ಮವಾಗುತ್ತದೆ. ಇದರಿಂದ ನಷ್ಟವಷ್ಟೇ ಅಲ್ಲ, ಒಂದು ಲಾಭವೂ ಇದೆ: ಇಲ್ಲಿ ಅಪ್ರಿಯತೆಯ ಹೊಣೆಯನ್ನು ಹೇಳುವವನು ಹೊರುತ್ತಾನೆ. ‘ದೇವರಿಗೆ ಆಗಲ್ಲ’ ಎಂದು ಕೇಳಿಸಿಕೊಳ್ಳುತ್ತ ಬೆಳೆದ ಹುಡುಗಿ ‘ನಾನು ಇದನ್ನು ಒಪ್ಪುವುದಿಲ್ಲ’ ಎಂದು ಪ್ರಥಮಾ ವಿಭಕ್ತಿಯಲ್ಲಿ ಹೇಳುವ ದಿನ ಅದು ವಾಕ್ಯರಚನೆಯ ಬದಲಾವಣೆಯಷ್ಟೇ ಆಗಿರುವುದಿಲ್ಲ.

ನಮ್ಮ ನಿಘಂಟುಗಳು ಈ ಚರಿತ್ರೆಗೆ ಅಮೂಲ್ಯವಾದ ಆಕರಗಳು. ಕಿಟ್ಟೆಲರ ಕೋಶ (1894) ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇಲ್ಲದಿದ್ದರೆ ಪೇಸು, ಪೊಲೆ, ಬೇಸಱ್‌ಗಳ ಹಾದಿಯನ್ನು ಹಿಡಿಯುವುದೇ ಅಸಾಧ್ಯವಾಗುತ್ತಿತ್ತು. ಆದರೆ ಅವುಗಳ ಪ್ರಯೋಗಗಳು ಮುಖ್ಯವಾಗಿ ಗ್ರಂಥಸ್ಥ ಭಾಷೆಯಿಂದ ಬಂದವು. ಸೇರದು, ಆಗದು, ಗಿಟ್ಟದುಗಳ ಸಾಮಾಜಿಕ ಅರ್ಥ ತಿಳಿಯಲು ಮಾತಿನ ಸಂದರ್ಭ ಬೇಕು: ಯಾರು, ಯಾರಿಗೆ, ಎಲ್ಲಿ ನಿಂತು ಹೇಳಿದರು ಎಂಬ ವಿವರ ಬೇಕು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯಂತಹ ಹಾಡುಗಾರ್ತಿಯಿಂದ ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿದ ಗೀತೆಗಳು, ಈ ಭಾಗದ ಬುಡಕಟ್ಟು ವೀರರ ಕಾವ್ಯಗಳು ಅಂತಹ ಅಧ್ಯಯನಕ್ಕೆ ತೆರೆದಿರುವ ಬಾಗಿಲುಗಳು. ಈ ಪಠ್ಯಗಳಲ್ಲಿ ಕಥೆಯನ್ನೂ ಆಚರಣೆಯನ್ನೂ ಹುಡುಕಿದ್ದೇವೆ, ವಿಭಕ್ತಿಗಳನ್ನೂ ಹುಡುಕಬೇಕಾಗಿದೆ.

ಒಟ್ಟಿನಲ್ಲಿ, ಅಪ್ರಿಯತೆಯ ಪದವೊಂದು ಎದುರಾದಾಗ ಅದರ ಅರ್ಥವೇನು ಎಂದು ಕೇಳುವುದು ಸಾಲದು. ಸೇರದಿರುವುದು ಯಾರಿಗೆ, ಹೇಸುವವರು ಯಾರು, ಆ ಪದವನ್ನು ಹೊತ್ತುಕೊಂಡು ಹೊರಗೆ ನಿಂತವರು ಯಾರು ಎಂದೂ ಕೇಳಬೇಕು. ನಿಘಂಟು ಮೊದಲ ಪ್ರಶ್ನೆಗೆ ಉತ್ತರಿಸುತ್ತದೆ. ಉಳಿದವುಗಳಿಗೆ ಉತ್ತರವನ್ನು ಹಟ್ಟಿಯ ಬೇಲಿಯ ಬಳಿಯೇ ಹುಡುಕಬೇಕು.